ಸೆಲ್ಫ್ ಥಿನ್ನಿಂಗ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ,

ಪುಣೆಯ ನಮ್ಮ ಕನ್ನಡ ಬಳಗದ ಹೈಸ್ಕೂಲ್ ಮಕ್ಕಳಿಗೆ ಒಂದು ಪಾಠ ಬರೆಯುತ್ತಿದ್ದೇನೆ. ಸಿನಿಮಾದಲ್ಲಿ, ಆಟಗಳಲ್ಲಿ ನಿಜದಂತೆ ಕಾಣುವ ಕಾಡನ್ನು ಕಂಪ್ಯೂಟರಿನಲ್ಲಿ ಹೇಗೆ ಬೆಳೆಸುತ್ತಾರೆ ಅನ್ನುವುದು ವಿಷಯ. ಕೊಂಬೆ, ಕವಲು, ಚಿಗುರು ಇವಕ್ಕೆಲ್ಲ ಪದಗಳ ಬರವೇನೂ ಇಲ್ಲ. ಸೆಲ್ಫ್ ಥಿನ್ನಿಂಗ್, ಅಂದರೆ ಒತ್ತಾಗಿ ಎದ್ದ ಗಿಡಗಳಲ್ಲಿ ಕೆಲವು ತಾವೇ ಸತ್ತು ಉಳಿದವಕ್ಕೆ ಜಾಗವಾಗುವುದು, ಬಂದಾಗ ಮಾತ್ರ ಕೈ ನಿಂತುಹೋಗಿದೆ.

ಸಂದರ್ಭ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಯಾರಾದರೂ ‘ಸ್ವಯಂ ವಿರಳೀಕರಣ’ ಅಂತ ಬರೆದು ಕಳಿಸಿಬಿಡುತ್ತೀರಿ. ಮರಗಳನ್ನು ಎಲ್ಲೆಂದರಲ್ಲಿ ಎರಚಿದರೆ ಕಾಡಾಗುವುದಿಲ್ಲ. ಒಂದು ಮರದ ಹೊಟ್ಟೆಯಲ್ಲಿ ಇನ್ನೊಂದರ ಕಾಂಡ ತೂರಿಕೊಂಡಿರುತ್ತದೆ, ನೋಡಿದ ಕೂಡಲೇ ಸುಳ್ಳು ಅಂತ ಗೊತ್ತಾಗುತ್ತದೆ. 1998ರಲ್ಲಿ ಸಿಗ್ರಾಫ್ ಎಂಬ ಕಂಪ್ಯೂಟರ್ ಗ್ರಾಫಿಕ್ಸ್ ಸಮ್ಮೇಳನದಲ್ಲಿ ಡಾಯ್ಸನ್, ಪ್ರುಸಿಂಕೀವಿಚ್ ಮತ್ತು ಜೊತೆಗಾರರು ಇದಕ್ಕೊಂದು ದಾರಿ ತೋರಿಸಿದರು. ಪ್ರತಿ ಗಿಡಕ್ಕೂ ನೆಲದ ಮೇಲೆ ಒಂದು ವೃತ್ತ. ಗಿಡ ಬೆಳೆದಂತೆ ವೃತ್ತವೂ ದೊಡ್ಡದಾಗುತ್ತದೆ. ಎರಡು ವೃತ್ತ ಒಂದರ ಮೇಲೊಂದು ಬಂದರೆ ಚಿಕ್ಕದು ಸಾಯುತ್ತದೆ. ಅಷ್ಟೇ ನಿಯಮ! ಮೊದಲು ಒತ್ತೊತ್ತಾಗಿ ಸಾವಿರಾರು ಪುಟ್ಟ ಗಿಡ ಇದ್ದದ್ದು, ಹೋಗ್ತಾ ಹೋಗ್ತಾ ಕೆಲವೇ ದೊಡ್ಡ ಮರಗಳಾಗಿ, ನಡುವೆ ಸರಿಯಾದ ಅಂತರ ಬಿಟ್ಟುಕೊಂಡು ನಿಲ್ಲುತ್ತವೆ. ಆ ಅಂತರವನ್ನು ಯಾರೂ ಅಳೆದು ಕೊಟ್ಟಿರುವುದಿಲ್ಲ.

ಇದು ಗ್ರಾಫಿಕ್ಸ್‌ನವರು ಹುಟ್ಟಿಸಿದ್ದಲ್ಲ. ಜಪಾನಿನ ವಿಜ್ಞಾನಿ ಯೋಡಾ ಮತ್ತು ಸಂಗಡಿಗರು 1963ರಲ್ಲೇ ನಿಜವಾದ ಗಿಡಗಳಿಗೆ ಇದರ ಲೆಕ್ಕ ಕೊಟ್ಟಿದ್ದರು. ಒತ್ತಾಗಿ ಬೆಳೆದ ಒಂದೇ ಜಾತಿಯ ಗಿಡಗಳ ಸಂಖ್ಯೆ ಕಾಲು ಭಾಗಕ್ಕೆ ಇಳಿಯುವ ಹೊತ್ತಿಗೆ, ಉಳಿದ ಒಂದೊಂದರ ಸರಾಸರಿ ತೂಕ ಸುಮಾರು 8 ಪಟ್ಟು ಆಗಿರುತ್ತದೆ. ಅಂದರೆ ಗಿಡ ಕಡಿಮೆಯಾದರೂ ಒಟ್ಟು ತೂಕ ಎರಡು ಪಟ್ಟು. ಮಕ್ಕಳಿಗೆ ನನಗೆ ಮುಖ್ಯವಾಗಿ ಹೇಳಬೇಕಿರುವುದು ಇದೇ, ಅದಕ್ಕೇ ಪದ ಸರಿಯಾಗಿರಲಿ ಅಂತ ಹಟ.

‘ತೆಳುಗೊಳಿಸುವುದು’ ಅಂದರೆ ಯಾರೋ ಬಂದು ಕೀಳುತ್ತಿದ್ದಾರೆ ಅನ್ನಿಸುತ್ತದೆ. ಇಲ್ಲಿ ಕೀಳುವವರು ಯಾರೂ ಇಲ್ಲ. ‘ತೆಳುವಾಗುವುದು’ ಅಂದರೆ ಮಜ್ಜಿಗೆ ನೆನಪಾಗುತ್ತದೆ, ಜೊತೆಗೆ ಉಳಿದ ಮರವೇ ಸಪೂರ ಆಯಿತು ಅನ್ನುವ ಅರ್ಥವೂ ಬಂದುಬಿಡಬಹುದು, ಆಗುತ್ತಿರುವುದು ಅದಕ್ಕೆ ಪೂರ್ತಿ ಉಲ್ಟಾ. ನಮ್ಮ ಸೊಸೈಟಿಯ ಮಾಲಿ ಮೂಲಂಗಿ ಸಸಿ ಕೀಳುವಾಗ ‘ವಿರಳಣಿ’ ಅನ್ನುತ್ತಾರೆ. ಮರಾಠಿ ರೈತರ ದಿನದ ಮಾತು ಅದು, ಪದಕೋಶದ ವಾಸನೆ ಇಲ್ಲ. ಅದೇ ‘ವಿರಳ’ ಕನ್ನಡಕ್ಕೆ ಬಂದ ಕೂಡಲೇ ಯಾಕೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಳ್ಳುತ್ತದೋ ಗೊತ್ತಿಲ್ಲ. ವಿರಳಣಿಯನ್ನೇ ತರೋಣವೆಂದರೆ ಗಡಿಯಿಂದ ಈಚೆ ಇರುವ ನಮಗೆ ನಡೆಯುತ್ತದೆ, ಹಾಸನದವರಿಗೆ ಹೇಗೋ. ಅಲ್ಲದೆ ಅದೂ ಮಾಲಿಯ ಕೆಲಸವೇ, ಗಿಡದ್ದಲ್ಲ.

ಅದೇ ಅಂಗಳದಲ್ಲಿ ಬೇವಿನ ಮರದ ಕೆಳಗೆ ಮಳೆಗಾಲದಲ್ಲಿ ಬೇವಿನ ಸಸಿಗಳು ಕಾಲಿಡಲು ಜಾಗ ಇಲ್ಲದಂತೆ ಏಳುತ್ತವೆ. ಮಾಲಿ ಆ ಕಡೆ ತಿರುಗಿಯೂ ನೋಡುವುದಿಲ್ಲ. ಸ್ವಲ್ಪ ಎತ್ತರ ಹೋದವು ಪಕ್ಕದವಕ್ಕೆ ನೆರಳು ಹಾಕುತ್ತವೆ, ಪಕ್ಕದವು ಹಳದಿಯಾಗಿ ಬಾಗುತ್ತವೆ, ದೀಪಾವಳಿ ಹೊತ್ತಿಗೆ ಬೆರಳೆಣಿಕೆಯಷ್ಟು. ಇದಕ್ಕೆ ಪದ ಬೇಕು ನನಗೆ.

ಸದ್ಯಕ್ಕೆ ‘ಒತ್ತುಸಾವು’ ಅಂತ ಬರೆದಿಟ್ಟಿದ್ದೇನೆ. ಒತ್ತಾಗಿದ್ದದ್ದರಿಂದ ಬಂದ ಸಾವು. ಚಿಕ್ಕದು, ಬಾಯಿಗೆ ಸಲೀಸು. ಮನೆಯಲ್ಲಿ ಓದಿ ಹೇಳಿದರೆ ‘ಕಾಲ್ತುಳಿತದ ಸುದ್ದಿ ಇದ್ದಂಗಿದೆ’ ಅಂದರು. ಹೌದು, ಸಾಯುವವರ ಕಡೆಯಿಂದ ಮಾತ್ರ ಹೇಳುವ ಪದ ಅದು, ಉಳಿದವು ದಪ್ಪವಾಗುವುದು ಅದರಲ್ಲಿ ಇಲ್ಲ. ‘ತಾನೇ ಸಡಿಲಾಗುವುದು’ ಅಂದರೆ ಹೇಗೆ? ಒತ್ತು ಕಮ್ಮಿಯಾಗಿ ಸಡಿಲಾಯಿತು ಅನ್ನುತ್ತೇವಲ್ಲ, ಬಸ್ಸಿನಲ್ಲೂ ಅನ್ನುತ್ತೇವೆ. ನನಗೆ ಇದರ ಮೇಲೆ ಸ್ವಲ್ಪ ಜಾಸ್ತಿ ಮನಸ್ಸಿದೆ.

ಇನ್ನೊಂದು ಚಿಕ್ಕದು, ಇನ್‌ಸ್ಟನ್ಸಿಂಗ್. ಒಂದೇ ಮರದ ಆಕಾರವನ್ನು ಮೆಮೊರಿಯಲ್ಲಿ ಒಮ್ಮೆ ಇಟ್ಟು, ಬೇಕಾದ ಕಡೆಯೆಲ್ಲ ಜಾಗ, ತಿರುವು, ಅಳತೆ ಮಾತ್ರ ಬದಲಿಸಿ ತೋರಿಸುವುದು. ‘ನಕಲು’ ಅನ್ನಲಾರೆ, ನಕಲು ಮಾಡದೇ ಇರುವುದೇ ಅದರ ಉಪಾಯ. ಮೆಮೊರಿಯಲ್ಲಿರುವುದಕ್ಕೆ ‘ಅಚ್ಚು ಮರ’, ಅಲ್ಲಲ್ಲಿ ತೋರಿಸುವುದಕ್ಕೆ ‘ನೆಟ್ಟ ಮರ’ ಅಂತ ಎರಡು ಪದ ಇಟ್ಟುಕೊಂಡಿದ್ದೇನೆ. ಆಕ್ಷೇಪ ಇಲ್ಲದಿದ್ದರೆ ಇದನ್ನು ಮುಗಿಸಿಬಿಡೋಣ.

ಮತ್ತೆ ಆ ವೃತ್ತ. ‘ಪಾತಿ’ ಅಂತ ಬರೆಯಲು ಆಸೆ. ತೆಂಗಿನ ಪಾತಿಯೂ ದುಂಡಗೇ ಇರುತ್ತದೆ, ಅದೂ ಆ ಮರಕ್ಕೆ ಸೇರಿದ ನೆಲವೇ. ಆದರೆ ಪಾತಿ ನಾವು ಮಾಡಿದ್ದು, ಗಿಡದ ಜೊತೆ ತಾನಾಗಿ ಬೆಳೆಯುವುದಿಲ್ಲ. ‘ಹರವು’ ಅಂದರೆ ಬೆಳೆಯುವ ಅರ್ಥ ಸಿಗುತ್ತದೆ, ದುಂಡಗಿನ ಅರ್ಥ ಹೋಗುತ್ತದೆ. ತೋಟ ಇರುವವರು, ಅದರಲ್ಲೂ ಅಡಿಕೆ, ತೆಂಗಿನವರು ಹೇಳಿ: ಒಂದು ಮರ ಬೇರು, ನೆರಳು ಎರಡರಿಂದಲೂ ಹಿಡಿದಿಟ್ಟುಕೊಳ್ಳುವ ಜಾಗಕ್ಕೆ ನಿಮ್ಮ ಕಡೆ ಏನಂತಾರೆ? ಒತ್ತಾಗಿ ಎದ್ದ ಸಸಿಗಳು ತಾವೇ ಸತ್ತು ಕಡಿಮೆಯಾಗುವುದಕ್ಕೆ?