ಪದಚರ್ಚೆ: ವಿಮಾನದ ದೀಪ ರಾತ್ರಿ ಕಾಣುವ ದೂರಕ್ಕೆ ಯಾವ ಪದ?

ವಿಮಾನದ ದೀಪಗಳ ಕುರಿತ ಲೇಖನವನ್ನು ನಾಳೆಯೇ ಕನ್ನಡಿಸಿ ಕೊಡಬೇಕೆಂದು ತಾವು ಬರೆದಿರುವುದರಿಂದ ಮೊದಲೇ ಹೇಳಿಬಿಡುತ್ತೇನೆ: ದೀಪ ಕಾಣುವ ದೂರಕ್ಕೆ ಸೂಚಿತವಾಗಿರುವ ‘ಗೋಚರತೆ’, ‘ಗೋಚರ ದೂರ’, ‘ಕಾಣ್ದೂರ’ ಎಂಬ ಮೂರು ಪದಗಳಲ್ಲಿ ‘ಗೋಚರತೆ’ ಸಲ್ಲದು. ಹವಾಮಾನ ವರದಿಗಳಲ್ಲಿ ಆ ಪದ ಗಾಳಿಯ ತಿಳಿತನವನ್ನು ಸೂಚಿಸಲು ಈಗಾಗಲೇ ನೆಲೆನಿಂತಿದೆ. ತಮಗೆ ಬೇಕಾದುದು ದೀಪದ ಅಳತೆ. ಒಂದೇ ರಾತ್ರಿ, ಒಂದೇ ಗಾಳಿಯಲ್ಲಿ, ಒಂದೇ ವಿಮಾನದ ಬೇರೆ ಬೇರೆ ದೀಪಗಳು ಬೇರೆ ಬೇರೆ ದೂರದವರೆಗೆ ಕಾಣುತ್ತವೆ. ದೊಡ್ಡ ವಿಮಾನಗಳಿಗೆ ಅಮೆರಿಕದ ಈಗಿನ ನಿಯಮದಂತೆ ಎಡರೆಕ್ಕೆಯ ಕೆಂಪು ಮತ್ತು ಬಲರೆಕ್ಕೆಯ ಹಸಿರು ದೀಪಗಳು ನೇರ ಮುಂದಕ್ಕೆ ಕನಿಷ್ಠ 40 ಕ್ಯಾಂಡೆಲಾ (ದೀಪ ಹೊರಸೂಸುವ ಬೆಳಕಿನ ಮಾನ) ತೀವ್ರತೆಯಿಂದ ಬೆಳಗಬೇಕು. ಡಿಕ್ಕಿ ತಪ್ಪಿಸಲೆಂದು ಮಿನುಗುವ ದೀಪಕ್ಕೆ 400 ಬೇಕು. ಕಣ್ಣನ್ನು ತಲುಪುವ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ತೀವ್ರತೆ ಹತ್ತು ಪಟ್ಟಾದರೂ ದೂರ ಮೂರು ಪಟ್ಟಿಗಿಂತ ತುಸುವೇ ಹೆಚ್ಚುತ್ತದೆ. ಒಂದು ಲಕ್ಸ್‌ನ (ಮೇಲೆ ಬೀಳುವ ಬೆಳಕಿನ ಮಾನ) ಹತ್ತು ಲಕ್ಷದಲ್ಲೊಂದು ಪಾಲು ಬೆಳಕು ಕಣ್ಣಿಗೆ ಸಾಕೆಂದು ಹಿಡಿದರೆ, ತೀರ ತಿಳಿಯಾದ ಗಾಳಿಯಲ್ಲಿ ರೆಕ್ಕೆಯ ದೀಪ ಸುಮಾರು 6 ಕಿಲೋಮೀಟರ್, ಮಿನುಗುವ ದೀಪ 20 ಕಿಲೋಮೀಟರ್ ದೂರಕ್ಕೆ ಕಾಣುತ್ತದೆ. ನಮ್ಮತ್ತ ನೇರವಾಗಿ ಬರುವ ವಿಮಾನದ ಲ್ಯಾಂಡಿಂಗ್ ಲೈಟ್ (ಇಳಿಯುವಾಗ ಮುಂದಕ್ಕೆ ಬೆಳಕು ಚೆಲ್ಲುವ ದೀಪ) ಇನ್ನೂ ಎಷ್ಟೋ ದೂರದಿಂದ ಅಲುಗಾಡದ ಬಿಳಿಯ ಚುಕ್ಕೆಯಾಗಿ ತೋರುತ್ತದೆ. ವಿಮಾನ ತುಸು ಹೊರಳಿದರೆ ಆ ಚುಕ್ಕೆ ಮಂಕಾಗಿ ಬರಿಯ ಮಿನುಗು ಉಳಿಯುತ್ತದೆ. ಇಷ್ಟನ್ನೆಲ್ಲ ‘ಗೋಚರತೆ’ ಎಂಬ ಒಂದೇ ಪದದೊಳಗೆ ತುರುಕಿದರೆ ಓದುಗರಿಗೆ ಏನೂ ತಿಳಿಯುವುದಿಲ್ಲ.

‘ಗೋಚರ ದೂರ’ವೂ ನನಗೆ ಒಪ್ಪಿಗೆಯಿಲ್ಲ. ಗೋವು ಚರಿಸುವ ಹರವು ಎಂಬುದೇ ‘ಗೋಚರ’ದ ಮೂಲಾರ್ಥವಾದ್ದರಿಂದ ಎಟಕುವ ಮೇರೆ ಆ ಪದದೊಳಗೇ ಇದೆ, ಮತ್ತೆ ‘ದೂರ’ ಅಂಟಿಸುವುದು ಪುನರುಕ್ತಿ.

‘ಕಾಣ್ದೂರ’ ಅಚ್ಚಗನ್ನಡವೆಂದು ಸೂಚಿಸಿದವರು ‘ದೂರ’ ಸಂಸ್ಕೃತದ್ದೆಂಬುದನ್ನು ಮರೆತಿದ್ದಾರೆ. ಅದೇ ಕಾರಣಕ್ಕೆ ಅರಿಸಮಾಸವೆಂದು (ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ದೋಷವೆಂದು) ತಳ್ಳಿಹಾಕಿದವರ ಆಕ್ಷೇಪವೂ ನಿಲ್ಲದು, ಏಕೆಂದರೆ ಕಾಣುವುದು ಆದ ದೂರ ಎಂದು ಬಿಡಿಸಿದರೆ ಅದು ಗಮಕಸಮಾಸ (ಇಲ್ಲಿನಂತೆ ಕ್ರಿಯೆಯಿಂದಾದ ಪದ ಮೊದಲಿಗೆ ಬಂದು ನಾಮಪದದೊಡನೆ ಕೂಡುವ ಸಮಾಸ), ಗಮಕಕ್ಕೆ ಆ ದೋಷವನ್ನು ವೈಯಾಕರಣರು ಹಚ್ಚುವುದಿಲ್ಲ. ಎರವಲನ್ನೆಲ್ಲ ಹೊರದೂಡಬೇಕೆನ್ನುವವರು ಕ್ಯಾಂಡೆಲಾ, ಲಕ್ಸ್‌ಗಳಿಗೆ ಏನು ಮಾಡುತ್ತಾರೆ? ಅಳತೆಯ ಹೆಸರುಗಳು ಇದ್ದಂತೆಯೇ ಇರಲಿ.

ಆದ್ದರಿಂದ ‘ದೀಪದ ಕಾಣ್ದೂರ’ ಎಂದೇ ಬರೆಯಿರಿ, ಮೊದಲ ಬಾರಿ ಬಂದಾಗ ‘ದೀಪ ಕಣ್ಣಿಗೆ ಬೀಳುವ ಅತಿ ಹೆಚ್ಚಿನ ದೂರ’ ಎಂದು ಬಿಡಿಸಿ ಹೇಳಿ. ಭೂಮಿಯ ಬಾಗಿನಿಂದಾಗುವ ಮಿತಿ ಮೂಲದಲ್ಲಿ ಬಂದರೆ ಅದಕ್ಕೆ ‘ದಿಗಂತಮಿತಿ’ ಎಂಬ ಬೇರೆ ಪದ ಇರಲಿ. 10 ಕಿಲೋಮೀಟರ್ ಎತ್ತರದ ವಿಮಾನಕ್ಕೆ ಅದು 350 ಕಿಲೋಮೀಟರ್ ದಾಟುತ್ತದೆ, ಅಷ್ಟು ದೂರಕ್ಕೆ ರೆಕ್ಕೆಯ ದೀಪ ಕಾಣುವುದಿಲ್ಲ.