ಮೇಲ್ದವಡೆ ತೆಗೆದವರನ್ನು ಪ್ರಾಸ್ಥೊಡಾಂಟಿಕ್ಸ್ ವಿಭಾಗಕ್ಕೆ ಕಳುಹಿಸುವುದೇಕೆ?

ಪ್ರಶ್ನೆ:
2021ರಲ್ಲಿ ಕೋವಿಡ್ ನಂತರ ಕಪ್ಪು ಶಿಲೀಂಧ್ರ ಸೋಂಕು ತಗುಲಿ, ನಮ್ಮ ತಂದೆಯವರ ಮೇಲ್ದವಡೆಯ ಬಲಭಾಗವನ್ನು ತೆಗೆಯಬೇಕಾಯಿತು. ಸೋಂಕು ವಾಸಿಯಾಗಿದೆ. ಆದರೆ ಆಗ ಹಾಕಿದ್ದ ತಾತ್ಕಾಲಿಕ ಪ್ಲೇಟ್ ಸಡಿಲವಾಗಿ, ಗಂಜಿ ಕುಡಿದರೂ ಮೂಗಿನಿಂದ ಹೊರಬರುತ್ತಿದೆ. ಅವರ ಮಾತು ಮನೆಯವರಿಗಷ್ಟೇ ಅರ್ಥವಾಗುತ್ತದೆ. ಶಸ್ತ್ರವೈದ್ಯರು ಪ್ರಾಸ್ಥೊಡಾಂಟಿಸ್ಟ್ ಬಳಿಗೆ ಹೋಗಲು ಹೇಳಿದ್ದಾರೆ. ಅದು ಹಲ್ಲಿನ ಸೆಟ್ ಮಾಡುವ ವಿಭಾಗವಲ್ಲವೇ?

ಉತ್ತರ 1, ಪ್ರಾಸ್ಥೊಡಾಂಟಿಕ್ಸ್ ಅಧ್ಯಾಪಕ:
ಸೆಟ್ ಮಾಡುವುದು ನಮ್ಮ ಕೆಲಸದ ಒಂದು ಭಾಗ ಮಾತ್ರ. ಕಳೆದುಹೋದ ಹಲ್ಲು, ದವಡೆ, ಕೆಲವೊಮ್ಮೆ ಕಿವಿ, ಮೂಗು ಅಥವಾ ಕಣ್ಣಿನ ಸ್ಥಾನವನ್ನೂ ತುಂಬಿ, ಅಗಿಯುವ, ನುಂಗುವ, ಮಾತನಾಡುವ ಶಕ್ತಿಯನ್ನು ಸಾಧ್ಯವಾದಷ್ಟು ಮರಳಿಸುವುದು ಈ ಶಾಖೆಯ ಹೊಣೆ. ನಿಮ್ಮ ತಂದೆಯವರಿಗೆ ಬೇಕಿರುವುದು ಆಬ್ಚುರೇಟರ್. ಬಾಯಿಗೂ ಮೂಗಿಗೂ ನಡುವೆ ಉಂಟಾದ ರಂಧ್ರವನ್ನು ಮುಚ್ಚುವ ಈ ಸಾಧನದಲ್ಲಿ ಹಲ್ಲುಗಳೂ ಇರುತ್ತವೆ, ಭಾರ ಕಡಿಮೆಯಾಗಲೆಂದು ಒಳಗೆ ಟೊಳ್ಳು ಬಿಟ್ಟಿರುತ್ತಾರೆ. ಗಾಯ ಮಾಯುತ್ತಾ ರಂಧ್ರದ ಆಕಾರ ಬದಲಾಗುವುದರಿಂದ ಮೊದಲ ಪ್ಲೇಟ್ ಸಡಿಲವಾಗುವುದು ಸಹಜ.

ಇದಕ್ಕೆ ಆಸರೆ ಎಡಭಾಗದಲ್ಲಿ ಉಳಿದಿರುವ ಹಲ್ಲುಗಳೇ. ಆದ್ದರಿಂದ ಅವುಗಳಲ್ಲಿ ಹುಳುಕಿದ್ದರೆ ರೂಟ್ ಕೆನಾಲ್ ತಜ್ಞರೂ, ವಸಡು ಸಡಿಲವಾಗಿದ್ದರೆ ವಸಡಿನ ತಜ್ಞರೂ ಮೊದಲು ನೋಡಬೇಕು. ಯಾರಾದರೂ ಕೀಳಿಸಲು ಹೇಳಿದರೆ ದಯವಿಟ್ಟು ನಮ್ಮ ವಿಭಾಗವನ್ನು ಕೇಳದೆ ಒಪ್ಪಬೇಡಿ. ನಮ್ಮ ದೇಶದಲ್ಲಿ ಎಂಡಿಎಸ್ ಎಂಬ ದಂತವೈದ್ಯಕೀಯ ಸ್ನಾತಕೋತ್ತರ ಪದವಿಯ ಒಂಬತ್ತು ಶಾಖೆಗಳು ಬೇರೆ ಬೇರೆಯಾಗಿದ್ದರೂ ಇಂತಹ ರೋಗಿಯ ಬಾಯಿಯಲ್ಲಿ ಅವೆಲ್ಲ ಒಂದೇ ಯೋಜನೆಯಡಿ ಸೇರಬೇಕು, ಆ ಯೋಜನೆ ಪ್ರಾಸ್ಥೊಡಾಂಟಿಸ್ಟ್ ಕೈಯಲ್ಲಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಉತ್ತರ 2, ಬಾಯಿ ಮತ್ತು ದವಡೆ ಶಸ್ತ್ರವೈದ್ಯೆ:
ಮೇಲಿನ ಮಾತಿಗೆ ನನ್ನ ಸಂಪೂರ್ಣ ಸಹಮತವಿದೆ. ದವಡೆಯನ್ನು ಎಲ್ಲಿ ಕತ್ತರಿಸಬೇಕು, ಯಾವ ಹಲ್ಲನ್ನು ಉಳಿಸಿದರೆ ಆಸರೆ ಸಿಗುತ್ತದೆ ಎಂಬುದನ್ನು ಶಸ್ತ್ರಚಿಕಿತ್ಸೆಗೆ ಮುನ್ನವೇ ಪ್ರಾಸ್ಥೊಡಾಂಟಿಸ್ಟರೊಡನೆ ಚರ್ಚಿಸಿದರೆ ಫಲಿತಾಂಶ ಉತ್ತಮವಾಗಿರುತ್ತದೆ. ಸ್ವೀಡನ್ನಿನ ಬ್ರಾನೆಮಾರ್ಕ್ 1965ರಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಕೂರಿಸಿದ ಟೈಟಾನಿಯಂ ಇಂಪ್ಲಾಂಟ್ (ಹಲ್ಲಿಗೆ ಆಧಾರವಾಗಿ ಮೂಳೆಯೊಳಗೆ ಕೂರಿಸುವ ಕೃತಕ ಬೇರು) ವಿಧಾನ ಈಗ ಕೆನ್ನೆಯ ಮೂಳೆಗೂ ವಿಸ್ತರಿಸಿದೆ. ಕೂರಿಸುವವರು ನಾವಾದರೂ ಅದರ ಮೇಲೆ ಬರುವ ಹಲ್ಲಿನ ಜಾಗವನ್ನು ನಿರ್ಧರಿಸುವವರು ಅವರು. ಮಧುಮೇಹವಿದ್ದರೆ ಹತೋಟಿಗೆ ಬಂದ ಮೇಲೆಯೇ ಆ ಬಗ್ಗೆ ಯೋಚಿಸಿ.

ಉತ್ತರ 3, ಬಾಯಿ ಕ್ಯಾನ್ಸರ್ ರೋಗಿಯ ಮಗ:
ನಮ್ಮ ತಾಯಿಯವರಿಗೆ ಆಬ್ಚುರೇಟರ್ ಹಾಕಿದ ದಿನವೇ ನೀರು ಮೂಗಿಗೆ ಬರುವುದು ಬಹುಮಟ್ಟಿಗೆ ನಿಂತಿತು, ಆದರೆ ಒತ್ತುವ ಕಡೆ ಸರಿಪಡಿಸಲು ಹಲವು ಬಾರಿ ಹೋಗಬೇಕಾಯಿತು. ಪ್ರತಿ ಊಟದ ನಂತರ ತೆಗೆದು ತೊಳೆಯಿರಿ. ಬಾಯಿ ತೆರೆಯುವ ವ್ಯಾಯಾಮವನ್ನು ಈಗಲೇ ಕೇಳಿ ತಿಳಿದುಕೊಳ್ಳಿ, ಏಕೆಂದರೆ ಬಾಯಿ ಸಾಕಷ್ಟು ತೆರೆಯದಿದ್ದರೆ ಅಳತೆ ತೆಗೆಯುವುದೇ ಕಷ್ಟವಾಗುತ್ತದೆ.