ಸಿಲೋಸಿನ್, ಬುಫೊಟೆನಿನ್ ಎರಡರ ಫಾರ್ಮುಲಾ ಒಂದೇ, ಮತ್ತೆ ಗುಣ ಯಾಕೆ ಬೇರೆ?

ಕ್ಯಾತ್ಸಂದ್ರ_ಎಂಎಸ್ಸಿ:
ಮೊನ್ನೆ ಮಳೆ ಬಂದ ರಾತ್ರಿ ನಮ್ಮ ನಾಯಿ ಅಂಗಳದಲ್ಲಿ ನೆಲಗಪ್ಪೆಗೆ ಬಾಯಿ ಹಾಕಿ, ನೊರೆ ಸುರಿಸುತ್ತಾ ಮೂತಿಯನ್ನು ನೆಲಕ್ಕೆ ಉಜ್ಜಿಕೊಂಡು ಓಡಾಡಿತು. ಬಾಯಿ ತೊಳೆದು ಡಾಕ್ಟರ್ ಹತ್ತಿರ ಹೋದೆವು, ಈಗ ಆರಾಮಾಗಿದೆ. ಅದೇ ನೆಪದಲ್ಲಿ ಕಪ್ಪೆ ವಿಷದ ಬಗ್ಗೆ ಓದುತ್ತಾ ಕೂತವನಿಗೆ ಬುಫೊಟೆನಿನ್ ಸಿಕ್ಕಿತು. ನಶೆ ಏರಿಸುವ ಅಣಬೆಯ ಸಿಲೋಸಿನ್‌ದೂ ಇದರದೂ ಒಂದೇ ಫಾರ್ಮುಲಾ, ಸಿ12ಎಚ್16ಎನ್2ಒ. ಇಂಡೋಲ್ ಉಂಗುರದ (ಎರಡರಲ್ಲೂ ಇರುವ ಜೋಡಿ ಉಂಗುರದ ಚೌಕಟ್ಟು) ಹೈಡ್ರಾಕ್ಸಿಲ್, ಅಂದರೆ ಒಎಚ್ ಗುಂಪು, ಮಾತ್ರ ಅಲ್ಲಿ 4ನೇ ಜಾಗದಲ್ಲಿ, ಇಲ್ಲಿ 5ನೇ ಜಾಗದಲ್ಲಿ. ಒಂದೇ ಒಂದು ಮನೆ ಸರಿದಿದ್ದಕ್ಕೆ ಇಷ್ಟು ವ್ಯತ್ಯಾಸನಾ?

ಇಂಡೋಲ್_ಮೇಷ್ಟ್ರು:
ಹೌದಪ್ಪಾ, ಆ ಒಂದು ಮನೆಯದೇ ಆಟ. 4ರಲ್ಲಿದ್ದರೆ ಹೈಡ್ರಾಕ್ಸಿಲ್, ಉಂಗುರಕ್ಕೆ ಪಕ್ಕದಲ್ಲೇ ಅಂಟಿರುವ ಬಾಲದಂಥ ಸರಪಳಿಯ ತುದಿಯ ನೈಟ್ರೋಜನ್‌ಗೆ ಎಟುಕುತ್ತದೆ, ಅಣುವಿನ ಒಳಗೇ ಹೈಡ್ರೋಜನ್ ಬಾಂಡ್ ಆಗುತ್ತದೆ. 5ರಿಂದ ಎಟುಕುವುದಿಲ್ಲ. ಬೆಳಗಿನ ಬೆಂಗಳೂರು ಟ್ರೈನಿಗೆ ಮೊಣಕೈ ಮಡಚಿಕೊಂಡವರು ಹೇಗೋ ನುಗ್ಗುತ್ತಾರೆ, ಚಾಚಿಕೊಂಡು ನಿಂತವರು ಪ್ಲಾಟ್‌ಫಾರಂನಲ್ಲೇ ಉಳಿಯುತ್ತಾರೆ, ಅಲ್ವಾ? ಹಾಗೇ ಸಿಲೋಸಿನ್ ರಕ್ತದಿಂದ ಮಿದುಳಿಗೆ ಸುಲಭವಾಗಿ ದಾಟುತ್ತದೆ. ಬುಫೊಟೆನಿನ್ ನೀರಿಗೇ ಅಂಟಿಕೊಂಡು ಬಹುಪಾಲು ಹೊರಗೇ ನಿಲ್ಲುತ್ತದೆ. ಮಿದುಳಿನಲ್ಲಿ ನಶೆಯ ಬೀಗದಂತಿರುವ 5-ಎಚ್‌ಟಿ2ಎ ರಿಸೆಪ್ಟರ್‌ಗೆ ಅದೂ ಚೆನ್ನಾಗಿಯೇ ಕೂರುತ್ತದೆ, ಅಲ್ಲಿಗೆ ತಲುಪುವುದೇ ಕಷ್ಟ. ಅದರ ಮೇಲೆ ಎಂಎಒ ಕಿಣ್ವ ಬೇರೆ ಅದನ್ನು ಬೇಗ ಒಡೆದು ಹಾಕುತ್ತದೆ.

ಸುಮ್ನೆ_ಓದುಗ:
ಹೊರಗೆ ನಿಂತಿದ್ದು ಸುಮ್ನೆ ಇರುತ್ತದಾ ಸರ್?

ಇಂಡೋಲ್_ಮೇಷ್ಟ್ರು:
ಎಲ್ಲಿ ಸುಮ್ನೆ! ನಮ್ಮ ದೇಹದಲ್ಲೇ ಇದ್ದು ನರಗಳಲ್ಲೂ ರಕ್ತನಾಳಗಳಲ್ಲೂ ಸಂದೇಶ ಒಯ್ಯುವ ಸೆರೊಟೋನಿನ್‌ನ ನೈಟ್ರೋಜನ್‌ಗೆ ಎರಡು ಮೀಥೈಲ್ (ಸಿಎಚ್3 ಗುಂಪು) ಸೇರಿಸಿದರೆ ಅದೇ ಬುಫೊಟೆನಿನ್. ಹಾಗಾಗಿ ಅದರ ಚೇಷ್ಟೆ ರಕ್ತನಾಳಗಳ ಮೇಲೆ ಜಾಸ್ತಿ. 1955ರಲ್ಲಿ ಅಮೆರಿಕದ ಒಹಾಯೋದಲ್ಲಿ ಕೈದಿಗಳ ರಕ್ತನಾಳಕ್ಕೆ ಇದನ್ನು ಚುಚ್ಚಿ ನೋಡಿದರು, ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಕೈದಿಗಳ ಮೇಲೆ ಇಂಥ ಪ್ರಯೋಗ ಮಾಡಿದ್ದು ನನಗಂತೂ ಅಸಹ್ಯ ಅನಿಸುತ್ತದೆ.

ಕೋಲಾರದ_ಹುಡುಗ:
ಕಪ್ಪೆ ನೆಕ್ಕಿದರೆ ನಶೆ ಬರುತ್ತೆ ಅಂತಾರಲ್ಲ ಗುರು 😄

ಫಾರ್ಮಸಿ_ಅಕ್ಕ:
ತಮಾಷೆಗೂ ಬೇಡ ಮಾರಾಯ. ನೆಲಗಪ್ಪೆ ವಿಷದಲ್ಲಿ ಬುಫಾಡಿಯೆನೊಲೈಡ್ ಅನ್ನೋ ಸ್ಟೆರಾಯ್ಡ್‌ಗಳಿವೆ. ಹೃದಯದ ಮಾತ್ರೆ ಡಿಗಾಕ್ಸಿನ್ ತರಾನೇ ಅವು ಜೀವಕೋಶಗಳ ಸೋಡಿಯಂ-ಪೊಟ್ಯಾಸಿಯಂ ಪಂಪ್ ನಿಲ್ಲಿಸುತ್ತವೆ, ಬಡಿತ ತಪ್ಪಿ ಸತ್ತವರಿದ್ದಾರೆ. ನೀನು ಹೇಳ್ತಿರೋ ಕಥೆ ಸೊನೋರಾ ಮರುಭೂಮಿಯ ಕಪ್ಪೆಯದು, ಅದರಲ್ಲಿರೋದು 5-ಮಿಥಾಕ್ಸಿ-ಡಿಎಂಟಿ. ಅಲ್ಲಿ ಹೈಡ್ರಾಕ್ಸಿಲ್ ಮೇಲೆ ಮೀಥೈಲ್ ಮುಚ್ಚಳ ಇರುವುದರಿಂದ ಅದು ಮಿದುಳಿಗೆ ದಾಟುತ್ತದೆ.

ಕ್ಯಾತ್ಸಂದ್ರ_ಎಂಎಸ್ಸಿ:
ಓಹ್, ಮುಚ್ಚಿದರೂ ಸರಿ, ಮಡಚಿದರೂ ಸರಿ! ಥ್ಯಾಂಕ್ಸ್ ಮೇಷ್ಟ್ರೇ, ಅಕ್ಕಾ. ನಾಯಿ ಇವತ್ತು ಮತ್ತೆ ಅದೇ ಹೂಕುಂಡದ ಹತ್ತಿರ ಮೂಸುತ್ತಿತ್ತು, ಕಟ್ಟಿ ಹಾಕಿದ್ದೀನಿ.